ಹಳೆಯ ಟರ್ಬೊ ಕಾರಿಗೆ ಯಾವ ಎಂಜಿನ್ ಆಯಿಲ್?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿ ಮಂಗಳೂರು, ಉಡುಪಿ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ರೀಮ್ಯಾಪ್ ಮಾಡಿಸಿದ (ಹೆಚ್ಚು ಶಕ್ತಿಗಾಗಿ ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸಿದ), ಬಿಡಿಭಾಗ ಬದಲಿಸಿದ ಹಳೆಯ ಟರ್ಬೊ ಕಾರುಗಳ ಆಯಿಲ್ ಕುರಿತೇ ಇದ್ದವು. ಹಾಗಾಗಿ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನನ್ನದು 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 1.8 ಟರ್ಬೊ ಪೆಟ್ರೋಲ್. ಹಿಂದಿನ ಮಾಲೀಕರೇ ಕೆ04 ಟರ್ಬೊ, ದೊಡ್ಡ ಇಂಟರ್‌ಕೂಲರ್, 3 ಇಂಚಿನ ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಹೋಗುವ ಪೈಪ್) ಹಾಕಿಸಿ ರೀಮ್ಯಾಪ್ ಮಾಡಿಸಿದ್ದಾರೆ. ದಿನವೂ ಕದ್ರಿಯಿಂದ ಸುರತ್ಕಲ್‌ಗೆ ಹೋಗಿ ಬರುತ್ತೇನೆ. ಆಗಾಗ ಶಿರಾಡಿ ಘಾಟಿ ಹತ್ತಿ ಹಾಸನದ ಕಡೆ ಹೋಗುವುದುಂಟು. ಗ್ಯಾರೇಜಿನವರು ‘ಹಳೆ ಗಾಡಿ, 20ಡಬ್ಲ್ಯೂ-50 ಹಾಕಿ’ ಅನ್ನುತ್ತಾರೆ. ಗೆಳೆಯರು 10ಡಬ್ಲ್ಯೂ-60 ಬಿಟ್ಟರೆ ಬೇರೆ ಬೇಡ ಅನ್ನುತ್ತಾರೆ. ಕಾರಿನ ಕೈಪಿಡಿಯಲ್ಲಿ ‘502.00’ ಎಂದಿದೆ. ಯಾರ ಮಾತು ಕೇಳಲಿ?
(ಕದ್ರಿ, ಮಂಗಳೂರು)

ಉತ್ತರ: ಕೈಪಿಡಿಯ ಮಾತು ಕೇಳಿ. ಸ್ಕೋಡಾದ ಮಾತೃಸಂಸ್ಥೆ ಫೋಕ್ಸ್‌ವ್ಯಾಗನ್‌ನ 502.00 ಅನುಮೋದನೆ ಪಡೆದ, ಎಸಿಇಎ (ಯುರೋಪಿನ ಕಾರು ತಯಾರಕರ ಸಂಘ) ಎ3/ಬಿ4 ದರ್ಜೆಯ 5ಡಬ್ಲ್ಯೂ-40 ಸಿಂಥೆಟಿಕ್ ಆಯಿಲ್‌ನಿಂದ ಶುರು ಮಾಡಿ. ಅದಕ್ಕಿಂತ ದಪ್ಪದ್ದು ಬೇಕೇ ಬೇಡವೇ ಎಂಬುದನ್ನು ಕುದುರೆಶಕ್ತಿ ನೋಡಿ ತೀರ್ಮಾನಿಸುವಂತಿಲ್ಲ. ಆಯಿಲ್‌ನ ಬಿಸಿ ಎಷ್ಟು, ಒತ್ತಡ ಎಷ್ಟು ಎಂದು ಅಳೆದೇ ತೀರ್ಮಾನಿಸಬೇಕು. ನಿಮ್ಮ ಪತ್ರದಲ್ಲಿ ಟರ್ಬೊ, ಇಂಟರ್‌ಕೂಲರ್, ಡೌನ್‌ಪೈಪ್ ಎಲ್ಲದರ ವಿವರ ಇದೆ, ಆಯಿಲ್ ಟೆಂಪರೇಚರ್ ಮೀಟರಿನ ಸುದ್ದಿ ಇಲ್ಲ. ಈ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕಾಣುವುದು ಕೂಲೆಂಟಿನ ಬಿಸಿ ಮಾತ್ರ. ಅದು 90 ಡಿಗ್ರಿಯಲ್ಲಿ ಅಲ್ಲಾಡದೆ ನಿಂತಿರುವಾಗಲೇ ಆಯಿಲ್ 125 ದಾಟಿರಬಹುದು.

ಡಬ್ಬಿಯ ಮೇಲಿನ ಅಂಕಿಗಳನ್ನು ಮೊದಲು ಬಿಡಿಸಿಕೊಳ್ಳೋಣ. ‘ಡಬ್ಲ್ಯೂ’ ಹಿಂದಿನ ಅಂಕಿ ಚಳಿಯಲ್ಲಿ ಸ್ಟಾರ್ಟ್ ಆಗುವುದಕ್ಕೆ ಸಂಬಂಧಿಸಿದ್ದು. 5ಡಬ್ಲ್ಯೂ ಆಯಿಲನ್ನು ಪರೀಕ್ಷಿಸುವುದು ಸೊನ್ನೆಗಿಂತ 30 ಡಿಗ್ರಿ ಕೆಳಗೆ, 20ಡಬ್ಲ್ಯೂ ಆಯಿಲನ್ನು 15 ಡಿಗ್ರಿ ಕೆಳಗೆ. ಮಂಗಳೂರಿನಲ್ಲಿ ಅಂಥ ಚಳಿ ಎಲ್ಲಿಂದ ಬರಬೇಕು ಎಂದು ಗ್ಯಾರೇಜಿನವರು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದರಿಂದ 20ಡಬ್ಲ್ಯೂ ಸಾಕು ಎಂದಾಗುವುದಿಲ್ಲ. ನಮ್ಮ ಊರಿನ 27 ಡಿಗ್ರಿಯ ಬೆಳಗಿನಲ್ಲೂ ಸಾಮಾನ್ಯ 5ಡಬ್ಲ್ಯೂ-40 ಆಯಿಲ್‌ನ ದಪ್ಪ ಸುಮಾರು 150 ಸೆಂಟಿಸ್ಟೋಕ್ ಇದ್ದರೆ, 20ಡಬ್ಲ್ಯೂ-50ಯದ್ದು 300ಕ್ಕೂ ಮೇಲಿರುತ್ತದೆ. ಎಂಜಿನ್ ಬಿಸಿಯಾದಾಗ ಬೇಕಾದ ದಪ್ಪ ಹತ್ತು ಹದಿನೈದು ಸೆಂಟಿಸ್ಟೋಕ್ ಅಷ್ಟೆ. ಅಂದರೆ ಸ್ಟಾರ್ಟ್ ಮಾಡುವ ಹೊತ್ತಿಗೆ ಯಾವ ಆಯಿಲ್ ಆದರೂ ಬೇಕಾದ್ದಕ್ಕಿಂತ ಬಹಳ ದಪ್ಪವೇ. ಅದನ್ನು ಇನ್ನೂ ದುಪ್ಪಟ್ಟು ಮಾಡಿಕೊಂಡರೆ ಟರ್ಬೊ ಬೇರಿಂಗಿಗೂ ಮೇಲೆ ವಾಲ್ವ್ ಒತ್ತುವ ಹೈಡ್ರಾಲಿಕ್ ಟ್ಯಾಪೆಟ್‌ಗಳಿಗೂ ಆಯಿಲ್ ತಲುಪುವುದು ತಡ. ಫಿಲ್ಟರಿನ ಬೈಪಾಸ್ ವಾಲ್ವ್ ತೆರೆದುಕೊಂಡು ಸೋಸದ ಆಯಿಲ್ ಒಳಗೆ ಹರಿಯುವ ಅವಧಿಯೂ ಹೆಚ್ಚುತ್ತದೆ.

ಎರಡನೆಯ ಅಂಕಿ ಬಿಸಿ ಎಂಜಿನ್ನಿನದು. 100 ಡಿಗ್ರಿಯಲ್ಲಿ 40 ದರ್ಜೆ ಎಂದರೆ 12.5ರಿಂದ 16.3 ಸೆಂಟಿಸ್ಟೋಕ್, 50 ದರ್ಜೆ ಎಂದರೆ 16.3ರಿಂದ 21.9. ಟರ್ಬೊ ಕಾರಿಗೆ ಇವುಗಳಿಗಿಂತ ಮುಖ್ಯವಾದ ಅಂಕಿ ಡಬ್ಬಿಯ ಮೇಲೆ ಇರುವುದಿಲ್ಲ: ಎಚ್‌ಟಿಎಚ್‌ಎಸ್. 150 ಡಿಗ್ರಿ ಬಿಸಿಯಲ್ಲಿ, ಬೇರಿಂಗಿನೊಳಗಿನಂಥ ಉಜ್ಜಾಟದ ನಡುವೆ, ಆಯಿಲ್ ಪದರ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದರ ಅಳತೆ ಅದು. ಎಸಿಇಎ ಎ3/ಬಿ4 ಎಂದು ಬರೆದಿದ್ದರೆ ಅದು ಕನಿಷ್ಠ 3.5 ಇದೆ ಎಂದರ್ಥ. ಎ5/ಬಿ5 ಎಂದಿದ್ದರೆ 2.9ರಿಂದ 3.5ರ ನಡುವೆ. ಅದು ಮೈಲೇಜಿಗಾಗಿ ಮಾಡಿದ ತೆಳು ಆಯಿಲ್, ನಿಮ್ಮ ಕಾರಿಗಲ್ಲ. ಅಂಗಡಿಯಲ್ಲಿ ‘ಫುಲ್ಲಿ ಸಿಂಥೆಟಿಕ್’ ಎಂಬ ದೊಡ್ಡಕ್ಷರ ಬಿಟ್ಟು ಡಬ್ಬಿಯ ಹಿಂಬದಿಯ ಸಣ್ಣಕ್ಷರ ಓದಿ. ಅಲ್ಲಿಯೂ ‘502.00 ಅನುಮೋದಿತ’ ಎನ್ನುವುದೇ ಒಂದು, ‘502.00 ಮಟ್ಟಕ್ಕೆ ಸರಿಹೊಂದುತ್ತದೆ’ ಎನ್ನುವುದೇ ಇನ್ನೊಂದು. ಮೊದಲನೆಯದು ಕಾರು ತಯಾರಕರು ಒಪ್ಪಿದ್ದು, ಎರಡನೆಯದು ಆಯಿಲ್ ಕಂಪನಿಯ ಸ್ವಂತ ಮಾತು.

ಇನ್ನು 10ಡಬ್ಲ್ಯೂ-60. ಬಿಎಂಡಬ್ಲ್ಯೂ ತನ್ನ ಇ46 ಎಂ3ಗೆ ಈ ದಪ್ಪದ ಆಯಿಲನ್ನೇ ಹೇಳಿತ್ತು, ನಿಜ. ಆದರೆ ಅದು 8000 ಆರ್‌ಪಿಎಂ ಸುತ್ತುವ, ಆ ಆಯಿಲಿಗೇ ಹೊಂದಿಸಿದ ಎಂಜಿನ್. 10ಡಬ್ಲ್ಯೂ ಮತ್ತು 60ರ ನಡುವಿನ ಅಷ್ಟು ದೊಡ್ಡ ಅಂತರ ತುಂಬಲು ಬಹಳಷ್ಟು ಪಾಲಿಮರ್ ಬೆರೆಸಬೇಕಾಗುತ್ತದೆ. ಆ ಪಾಲಿಮರ್ ಎಂಜಿನ್ನಿನೊಳಗೆ ತುಂಡಾಗುತ್ತಾ ಹೋದಂತೆ ಆಯಿಲ್ ತೆಳುವಾಗುತ್ತದೆ. ಕದ್ರಿಯಿಂದ ಹೊರಟು ಕೊಟ್ಟಾರ ಚೌಕಿಯ ಸಿಗ್ನಲ್ ದಾಟುವ ತನಕ 60 ದರ್ಜೆಯ ಆಯಿಲ್ ಸರಿಯಾಗಿ ಬಿಸಿಯಾಗಿಯೂ ಇರುವುದಿಲ್ಲ. ದಪ್ಪ ಆಯಿಲ್ ಪಂಪಿನಲ್ಲಿ ಒತ್ತಡ ಹೆಚ್ಚು ತೋರಿಸುತ್ತದೆ, ಬೇರಿಂಗಿನ ಮೂಲಕ ಹರಿಯುವ ಪ್ರಮಾಣ ಕಡಿಮೆ. ಟರ್ಬೊದ ಶಾಫ್ಟ್ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತಿಗೂ ಮೇಲೆ ತಿರುಗುತ್ತದೆ. ಅದನ್ನು ಎತ್ತಿ ಹಿಡಿಯುವ ಕೆಲಸದ ಜೊತೆಗೆ ತಂಪು ಮಾಡುವ ಕೆಲಸವನ್ನೂ ಆಯಿಲೇ ಮಾಡಬೇಕು, ಅದಕ್ಕೆ ಹರಿವು ಬೇಕೇ ಬೇಕು.

ಈಗ ಅಳೆಯುವ ವಿಧಾನ. ಫಿಲ್ಟರ್ ಹೌಸಿಂಗಿನಲ್ಲಿರುವ ಆಯಿಲ್ ಪ್ರೆಷರ್ ಸ್ವಿಚ್ ಬಿಚ್ಚಿ ಅಲ್ಲಿ ಟಿ-ಜೋಡಣೆ ಹಾಕಿ, ಒಂದು ಕೊಂಬೆಗೆ ಹಳೆಯ ಸ್ವಿಚ್, ಇನ್ನೊಂದಕ್ಕೆ ಮೀಟರಿನ ಸೆಂಡರ್ (ಅಳೆದು ಮೀಟರಿಗೆ ತಿಳಿಸುವ ಭಾಗ) ಕೂರಿಸಬೇಕು. ಎಚ್ಚರ: ಅಲ್ಲಿನ ತ್ರೆಡ್ ಎಂ10x1. ಮಾರುಕಟ್ಟೆಯ ಹೆಚ್ಚಿನ ಸೆಂಡರ್‌ಗಳದ್ದು 1/8 ಎನ್‌ಪಿಟಿ. ಎರಡೂ ನೋಡಲು ಒಂದೇ ಗಾತ್ರ, ಎರಡು ಸುತ್ತು ಒಳಗೂ ಹೋಗುತ್ತದೆ, ಆಮೇಲೆ ಅಲ್ಯೂಮಿನಿಯಂ ಹೌಸಿಂಗ್ ಸೀಳುತ್ತದೆ. ಅಡಾಪ್ಟರ್ ಕೊಂಡೇ ಹಾಕಿಸಿ. ಟೆಂಪರೇಚರ್ ಸೆಂಡರನ್ನು ಫಿಲ್ಟರಿಗೂ ಅದು ಕೂರುವ ಜಾಗಕ್ಕೂ ನಡುವೆ ಹಾಕುವ ಸ್ಯಾಂಡ್‌ವಿಚ್ ಪ್ಲೇಟಿನಲ್ಲಿ ಅಥವಾ ಎಂ14x1.5 ಡ್ರೈನ್ ಬೋಲ್ಟಿನ ಜಾಗದಲ್ಲಿ ಕೂರಿಸಬಹುದು. ನಮ್ಮ ರಸ್ತೆಗಳ ಹಂಪ್ ನೋಡಿದರೆ ಸ್ಯಾಂಡ್‌ವಿಚ್ ಪ್ಲೇಟೇ ಲೇಸು.

ಹೆದ್ದಾರಿ 66ರಲ್ಲಿ ಸಹಜ ವೇಗದಲ್ಲಿ ಹೋಗುವಾಗ ಆಯಿಲ್ 95ರಿಂದ 105, ಗುಂಡ್ಯದಿಂದ ಮೇಲೆ ಘಾಟಿ ಹತ್ತುವಾಗ 115ರಿಂದ 120 ತೋರಿಸಿದರೆ 5ಡಬ್ಲ್ಯೂ-40 ನಿಶ್ಚಿಂತೆಯಿಂದ ಮುಂದುವರಿಸಿ. 120 ಡಿಗ್ರಿಯಲ್ಲಿಯೂ ಅದರ ದಪ್ಪ ಒಂಬತ್ತು ಸೆಂಟಿಸ್ಟೋಕ್ ಆಸುಪಾಸು ಉಳಿದಿರುತ್ತದೆ. ಘಾಟಿಯಲ್ಲಿ ಪ್ರತಿ ಸಲ 130ಕ್ಕೆ ಏರುತ್ತಿದೆ ಎಂದಾದರೆ ದಪ್ಪ ಆಯಿಲ್ ಮೊದಲ ಮದ್ದಲ್ಲ, ಥರ್ಮೋಸ್ಟಾಟ್ ಇರುವ ಆಯಿಲ್ ಕೂಲರ್ ಮೊದಲ ಮದ್ದು. ಥರ್ಮೋಸ್ಟಾಟ್ ಇಲ್ಲದ ಕೂಲರ್ ಹಾಕಿಸಿದರೆ ಮಳೆಗಾಲದಲ್ಲಿ ಆಯಿಲ್ 80 ಡಿಗ್ರಿಯನ್ನೂ ಮುಟ್ಟದೆ ನೀರು ತುಂಬಿಕೊಳ್ಳುತ್ತದೆ. ಕೂಲರ್ ಹಾಕಿದ ಮೇಲೂ 120ರ ಮೇಲೆಯೇ ಓಡುತ್ತಿದ್ದರೆ, ಅಥವಾ ಎಂಜಿನ್ ರೀಬಿಲ್ಡ್ ಮಾಡುವಾಗ ಬೇರಿಂಗ್ ಕ್ಲಿಯರೆನ್ಸ್ (ಸಂದು) ಹೆಚ್ಚು ಬಿಟ್ಟಿದ್ದರೆ, 5ಡಬ್ಲ್ಯೂ-50 ಅಥವಾ 10ಡಬ್ಲ್ಯೂ-50ಗೆ ಹೋಗುವುದಕ್ಕೆ ಕಾರಣವಿದೆ.

ಒತ್ತಡಕ್ಕೆ ಹಳೆಯ ಲೆಕ್ಕವೊಂದಿದೆ: ಬಿಸಿ ಆಯಿಲ್‌ನಲ್ಲಿ ಪ್ರತಿ 1000 ಆರ್‌ಪಿಎಂಗೆ ಸುಮಾರು 0.7 ಬಾರ್. ಐಡ್ಲಿಂಗ್‌ನಲ್ಲಿ 1 ಬಾರ್‌ಗಿಂತ ಕೆಳಗೆ ಇಳಿಯುತ್ತಿದ್ದರೆ, 3000 ಆರ್‌ಪಿಎಂನಲ್ಲಿ 2 ಬಾರ್ ದಾಟದಿದ್ದರೆ, 20ಡಬ್ಲ್ಯೂ-50 ಸುರಿದು ಮೀಟರ್ ಏರಿಸಿಕೊಳ್ಳಬೇಡಿ. ಆಯಿಲ್ ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಇಳಿಸಿ ಸ್ಟ್ರೇನರ್ (ಪಂಪು ಆಯಿಲ್ ಹೀರುವ ಬಾಯಿಯ ಜಾಲರಿ) ನೋಡಿಸಿ. ಈ 1.8 ಟರ್ಬೊ ಎಂಜಿನ್ನಿನ ದೊಡ್ಡ ದೌರ್ಬಲ್ಯವೇ ಕೆಸರು, ಅಂದರೆ ಸ್ಲಡ್ಜ್. ಇದೇ ಎಂಜಿನ್ ಉದ್ದುದ್ದಕ್ಕೆ ಕೂತ ಹಳೆಯ ಪಸಾಟ್‌ಗಳಿಗೆ ಅಮೆರಿಕದಲ್ಲಿ ಸ್ಲಡ್ಜ್ ಸಲುವಾಗಿಯೇ ವಾರಂಟಿಯನ್ನು 8 ವರ್ಷಕ್ಕೆ ವಿಸ್ತರಿಸಬೇಕಾಯಿತು. ನಿಮ್ಮದರಲ್ಲಿ ಎಂಜಿನ್ ಅಡ್ಡ ಕೂತಿದೆ, ಆಯಿಲ್ ಪ್ರಮಾಣವೂ ಹೆಚ್ಚು, ಅಪಾಯ ಸ್ವಲ್ಪ ಕಡಿಮೆ. ಆದರೂ ಇಪ್ಪತ್ತು ವರ್ಷದ ಗಾಡಿ, ಹಿಂದಿನವರು ಏನು ಹಾಕಿದ್ದರೋ ಗೊತ್ತಿಲ್ಲ. ಒಮ್ಮೆ ಚೇಂಬರ್ ಇಳಿಸಿ ಸ್ಟ್ರೇನರ್ ಬದಲಿಸುವುದು, ಟರ್ಬೊಗೆ ಹೋಗುವ ಆಯಿಲ್ ಪೈಪ್ ಹೊಸದು ಹಾಕುವುದು, ಇವೆರಡೂ ದುಬಾರಿ ಆಯಿಲಿಗಿಂತ ಹೆಚ್ಚು ಉಪಯೋಗದ ಖರ್ಚು. ಆ ಪೈಪ್ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಹತ್ತಿರವೇ ಹಾದುಹೋಗುತ್ತದೆ. ಡೌನ್‌ಪೈಪ್ ಹಾಕುವಾಗ ಹೀಟ್ ಶೀಲ್ಡ್ ತೆಗೆದು ಮೂಲೆಗೆ ಎಸೆಯುವುದು ಹಲವು ಗ್ಯಾರೇಜುಗಳ ಅಭ್ಯಾಸ. ಆಗ ಪೈಪಿನೊಳಗೆ ಆಯಿಲ್ ಸುಟ್ಟು ಇದ್ದಿಲಾಗಿ ದಾರಿ ಕಿರಿದಾಗುತ್ತದೆ, ಟರ್ಬೊ ಒಣಗುತ್ತದೆ. ಹೀಟ್ ಶೀಲ್ಡ್ ಇದೆಯೇ ಎಂದು ಈ ವಾರವೇ ನೋಡಿ.

ಆಯಿಲ್ ಬದಲಿಸುವಾಗ: ಎಂಜಿನ್ ಬಿಸಿ ಮಾಡಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಕನಿಷ್ಠ 15 ನಿಮಿಷ ಬಸಿಯಲು ಬಿಡಿ. ಹೊಸ ವಾಷರ್ ಹಾಕಿ ಡ್ರೈನ್ ಬೋಲ್ಟನ್ನು ಟಾರ್ಕ್ ರೆಂಚಿನಿಂದ 30 ನ್ಯೂಟನ್ ಮೀಟರಿಗೆ ಬಿಗಿ ಮಾಡಿಸಿ. ಚೇಂಬರ್ ಅಲ್ಯೂಮಿನಿಯಂ ಆದ್ದರಿಂದ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಎಳೆದರೆ ತ್ರೆಡ್ ಹೋಗುತ್ತದೆ. ಫಿಲ್ಟರ್ ಸೇರಿ ಸುಮಾರು 4.5 ಲೀಟರ್ ಹಿಡಿಯುತ್ತದೆ. ಮೊದಲು 4 ಲೀಟರ್ ಹಾಕಿ, ಎರಡು ನಿಮಿಷ ಎಂಜಿನ್ ಓಡಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ, ಉಳಿದದ್ದನ್ನು ಸ್ವಲ್ಪಸ್ವಲ್ಪವೇ ಸೇರಿಸಿ. ಕೂಲರ್ ಇದ್ದರೆ ಅದರ ಪೈಪುಗಳಿಗೆ ತಕ್ಕಂತೆ ಅರ್ಧ ಲೀಟರ್ ಹೆಚ್ಚು ಬೇಕಾದೀತು. ಮೇಲಿನ ಗೆರೆ ದಾಟಿಸಬೇಡಿ, ದಾಟಿದರೆ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಮಾಡುತ್ತದೆ. ಬದಲಿಸುವ ಅವಧಿ 5000 ಕಿಲೋಮೀಟರ್ ಅಥವಾ 6 ತಿಂಗಳು, ಯಾವುದು ಮೊದಲೋ ಅದು. ಹಳೆಯ ಆಯಿಲನ್ನು ಹಿತ್ತಿಲಿನ ಮಣ್ಣಿಗೆ ಸುರಿಯಬೇಡಿ, ನಮ್ಮ ಮುರಕಲ್ಲಿನ ನೆಲದಲ್ಲಿ ಅದು ಇಳಿದು ಬಾವಿಗೇ ಹೋಗುತ್ತದೆ.

ಪ್ರಶ್ನೆ: ಪೋಲೊ ಜಿಟಿ ಟಿಎಸ್‌ಐ 1.2, ಸ್ಟೇಜ್ 1 ರೀಮ್ಯಾಪ್. ಇಂದ್ರಾಳಿಯಲ್ಲಿ ಮನೆ, ಮಣಿಪಾಲದಲ್ಲಿ ಕೆಲಸ. ಆಯಿಲ್ ಹಾಕಿಸಿ ಮೂರು ತಿಂಗಳಾಗಿದೆ, ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯುವ ಬದಲು ಏರಿದೆ. ಗ್ಯಾರೇಜಿನಲ್ಲಿ ‘ಆಯಿಲ್ ಕುಡಿಯುತ್ತಿಲ್ಲ, ಒಳ್ಳೆಯದೇ’ ಎಂದರು. ಕ್ಯಾಪಿನ ಒಳಗೆ ಬಿಳಿ ಕೆನೆಯಂಥದ್ದೂ ಇದೆ.
(ಇಂದ್ರಾಳಿ, ಉಡುಪಿ)

ಉತ್ತರ: ಒಳ್ಳೆಯದಲ್ಲ. ಆಯಿಲಿಗೆ ಪೆಟ್ರೋಲ್ ಮತ್ತು ನೀರು ಸೇರುತ್ತಿವೆ. ಡಿಪ್‌ಸ್ಟಿಕ್ ಮೂಸಿ ನೋಡಿ, ಪೆಟ್ರೋಲ್ ವಾಸನೆ ಬಂದರೆ ಅನುಮಾನವೇ ಬೇಡ. ನೂರಕ್ಕೆ ಐದರಷ್ಟು ಪೆಟ್ರೋಲ್ ಸೇರಿದರೆ 40 ದರ್ಜೆಯ ಆಯಿಲ್ 30 ದರ್ಜೆಗೆ ಇಳಿದುಬಿಡುತ್ತದೆ.

ನಿಮ್ಮದು ನೇರ ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸುವ ಎಂಜಿನ್. ತಣ್ಣಗಿರುವಾಗ ಹೆಚ್ಚು ಪೆಟ್ರೋಲ್ ಚಿಮ್ಮುತ್ತದೆ, ಅದರಲ್ಲಿ ಸ್ವಲ್ಪ ಸಿಲಿಂಡರ್ ಗೋಡೆಯ ಮೇಲೆ ಇಳಿದು ರಿಂಗ್ ದಾಟಿ ಕೆಳಗೆ ಸೇರುತ್ತದೆ. ಉರಿದಾಗ ಹುಟ್ಟುವ ನೀರಾವಿಯೂ ಹಾಗೆಯೇ. ಆಯಿಲ್ 90-100 ಡಿಗ್ರಿಗೆ ಬಂದು ಸ್ವಲ್ಪ ಹೊತ್ತು ನಿಂತರೆ ಇವು ಆವಿಯಾಗಿ ಬ್ರೀದರ್ (ಎಂಜಿನ್ನಿನ ಉಸಿರು ಪೈಪ್) ಮೂಲಕ ಹೊರಟುಹೋಗುತ್ತವೆ. ಇಂದ್ರಾಳಿಯಿಂದ ಮಣಿಪಾಲದ ಗುಡ್ಡ ಹತ್ತಲು ಹಿಡಿಯುವ ಸಮಯದಲ್ಲಿ ಕೂಲೆಂಟ್ ಮುಳ್ಳು ಮಧ್ಯಕ್ಕೆ ಬರಬಹುದು, ಆಯಿಲ್ ಬಿಸಿಯಾಗಲು ಹದಿನೈದು ಇಪ್ಪತ್ತು ನಿಮಿಷವೇ ಬೇಕು. ಆಟಿ ತಿಂಗಳ ಜೋರು ಮಳೆಯಲ್ಲಿ ಇನ್ನೂ ತಡ. ಕಾರು ದಿನಕ್ಕೆ ನಾಲ್ಕು ಸಲ ತಣ್ಣಗೆ ಹೊರಟು, ತಣ್ಣಗೇ ನಿಂತರೆ ಎಷ್ಟು ಒಳ್ಳೆಯ ಆಯಿಲ್ ಆದರೂ ಸೋಲುತ್ತದೆ.

ವಾರಕ್ಕೊಮ್ಮೆ ಹೆದ್ದಾರಿಗೆ ಬಿಡಿ. ಬ್ರಹ್ಮಾವರ ದಾಟಿ ಸಾಲಿಗ್ರಾಮದವರೆಗೆ ಹೋಗಿ ಬಂದರೆ ಸಾಕು. ಕೆನೆ ಹೋಗುತ್ತದೆ, ಹಗುರ ಪೆಟ್ರೋಲಿನ ಅಂಶವೂ ಹೋಗುತ್ತದೆ, ಭಾರದ ಅಂಶ ಉಳಿಯುತ್ತದೆ. ಆದ್ದರಿಂದ ವರ್ಷಕ್ಕೆ ಎರಡು ಸಲ ಆಯಿಲ್ ಬದಲಿಸಲೇಬೇಕು: ಮಳೆ ಬಿಟ್ಟ ಮೇಲೆ ಅಕ್ಟೋಬರಿನಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ. ಓಡಿದ್ದು ಎರಡೇ ಸಾವಿರ ಕಿಲೋಮೀಟರ್ ಆಗಿದ್ದರೂ ಸರಿ. ಕೂಲೆಂಟ್ ಬಾಟಲಿಯ ಮಟ್ಟ ಇಳಿಯುತ್ತಿದ್ದರೆ ಮಾತ್ರ ಆ ಬಿಳಿ ಕೆನೆಗೆ ಬೇರೆ ಕಾರಣ, ಹೆಡ್ ಗ್ಯಾಸ್ಕೆಟ್ ಕಡೆಯದು. ಅದನ್ನು ತಕ್ಷಣ ತೋರಿಸಿ.

ಹೆದ್ದಾರಿಯಲ್ಲಿ ಓಡಿಸುತ್ತಿದ್ದರೂ ಮಟ್ಟ ಏರುವುದು ನಿಲ್ಲದಿದ್ದರೆ ಹೈ ಪ್ರೆಷರ್ ಪಂಪಿನ ಸೀಲ್ ಅಥವಾ ಸೋರುವ ಇಂಜೆಕ್ಟರ್ ನೋಡಿಸಬೇಕು. ಸ್ಕ್ಯಾನರ್ ಹಾಕಿ ಬಿಸಿ ಎಂಜಿನ್ನಿನ ಐಡ್ಲಿಂಗ್‌ನಲ್ಲಿ ಫ್ಯುಯಲ್ ಟ್ರಿಮ್ (ಎಂಜಿನ್ ಕಂಪ್ಯೂಟರ್ ಇಂಧನವನ್ನು ನೂರಕ್ಕೆ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ನೋಡಿ. ಮೈನಸ್ 10ಕ್ಕಿಂತಲೂ ಕೆಳಗಿದ್ದರೆ, ಆಯಿಲ್‌ನಿಂದ ಏಳುವ ಪೆಟ್ರೋಲ್ ಆವಿಯನ್ನು ಎಂಜಿನ್ ಉಸಿರಾಡುತ್ತಿರುವ ಸಾಧ್ಯತೆ ಹೆಚ್ಚು.

ಆಯಿಲ್ ಆಯ್ಕೆ: 502.00 ಅನುಮೋದನೆಯ 5ಡಬ್ಲ್ಯೂ-40, ಜೊತೆಗೆ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ದರ್ಜೆ ಎಸ್‌ಎನ್ ಪ್ಲಸ್ ಅಥವಾ ಎಸ್‌ಪಿ ಇರುವಂಥದ್ದು. ನಿಮ್ಮ ಕಾರಿಗೆ ಈ ಎಪಿಐ ಅಕ್ಷರಗಳು ಮುಖ್ಯ. ಸಣ್ಣ ನೇರ ಇಂಜೆಕ್ಷನ್ ಟರ್ಬೊ ಎಂಜಿನ್ನಿನಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಪೂರ್ತಿ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಕೇಳಿದರೆ, ಪ್ಲಗ್ ಕಿಡಿ ಹಾರುವ ಮೊದಲೇ ಮಿಶ್ರಣ ಹತ್ತಿಕೊಂಡು ಪಿಸ್ಟನ್ ಒಡೆಯುವ ಅಪಾಯವಿದೆ. ಆಯಿಲ್‌ನಲ್ಲಿ ಕ್ಯಾಲ್ಸಿಯಂ ಡಿಟರ್ಜೆಂಟ್ ಹೆಚ್ಚಿದ್ದರೆ ಈ ಅಪಾಯ ಹೆಚ್ಚು. 2018ರ ಎಸ್‌ಎನ್ ಪ್ಲಸ್, 2020ರ ಎಸ್‌ಪಿ ಎರಡರಲ್ಲೂ ಇದಕ್ಕೆಂದೇ ಪರೀಕ್ಷೆ ಇದೆ. ಎಸ್‌ಪಿಯಲ್ಲಿ ಟೈಮಿಂಗ್ ಚೈನ್ ಸವೆತದ ಪರೀಕ್ಷೆಯೂ ಸೇರಿದೆ, ನಿಮ್ಮ 1.2ರಲ್ಲಿರುವುದು ಚೈನೇ. ಗುಡ್ಡ ಹತ್ತುವಾಗ 1500 ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಬೇಡಿ, ಒಂದು ಗೇರ್ ಇಳಿಸಿ.

ಇನ್ನೊಂದು ವಿಷಯ, ನೀವು ಕೇಳದಿದ್ದರೂ ಹೇಳಬೇಕಾದ್ದು. ರೀಮ್ಯಾಪ್ ಆದದ್ದು ಇ20 (ನೂರಕ್ಕೆ 20 ಎಥನಾಲ್ ಬೆರೆಸಿದ) ಪೆಟ್ರೋಲ್ ಬರುವ ಮುಂಚೆಯೇ? ಶುದ್ಧ ಪೆಟ್ರೋಲಿಗೆ ಗಾಳಿ-ಇಂಧನದ ಅನುಪಾತ 14.7, ಇ20ಗೆ ಸುಮಾರು 13.5. ಹಳೆಯ ಮ್ಯಾಪ್ ಇದನ್ನು ಸರಿದೂಗಿಸದಿದ್ದರೆ ಪೂರ್ತಿ ಬೂಸ್ಟಿನಲ್ಲಿ ಇಂಧನ ಕಡಿಮೆಯಾಗಿ ಟರ್ಬೊ ಕಡೆಯ ಬಿಸಿ ಏರುತ್ತದೆ. ಮ್ಯಾಪ್ ಮಾಡಿದವರ ಹತ್ತಿರವೇ ಹೋಗಿ ಲಾಗ್ (ಕಾರು ಓಡುವಾಗಿನ ಅಂಕಿಗಳ ದಾಖಲೆ) ತೆಗೆಸಿ.

ಪ್ರಶ್ನೆ: ಸ್ಕೋಡಾ ಲಾರಾ 1.9 ಟಿಡಿಐ ಪಿಡಿ, ರೀಮ್ಯಾಪ್ ಆಗಿದೆ. ಲಾರಿಗೆ ಹಾಕುವ 15ಡಬ್ಲ್ಯೂ-40 ಡೀಸೆಲ್ ಆಯಿಲ್ ಒಳ್ಳೆಯ ಕಂಪನಿಯದ್ದೇ, ಅಗ್ಗವೂ ಹೌದು. ಹಾಕಬಹುದೇ?
(ಪುತ್ತೂರು)

ಉತ್ತರ: ಹಾಕಬಾರದು. ಆ ಆಯಿಲ್ ಕೆಟ್ಟದ್ದೆಂದಲ್ಲ, ಲಾರಿಗೆ ಅದು ಉತ್ತಮವೇ. ನಿಮ್ಮ ಪಿಡಿ ಎಂಜಿನ್ನಿನಲ್ಲಿ ಇಂಜೆಕ್ಟರನ್ನು ಕ್ಯಾಮ್‌ಶಾಫ್ಟೇ ಒತ್ತಿ 2000 ಬಾರ್ ಆಸುಪಾಸಿನ ಒತ್ತಡ ಹುಟ್ಟಿಸುತ್ತದೆ. ಕ್ಯಾಮ್‌ಶಾಫ್ಟಿನಲ್ಲಿ ಇಂಜೆಕ್ಟರ್ ಒತ್ತುವ ಲೋಬ್‌ಗೆ (ಉಬ್ಬಿಗೆ) ಜಾಗ ಕೊಟ್ಟದ್ದರಿಂದ ವಾಲ್ವ್‌ಗಳ ಲೋಬ್ ಕಿರಿದಾಗಿವೆ, ಅವೇ ಮೊದಲು ಸವೆಯುವುದು. ಈ ಸವೆತಕ್ಕೆಂದೇ ಫೋಕ್ಸ್‌ವ್ಯಾಗನ್ 505.01 ಎಂಬ ಪರೀಕ್ಷೆ ಇಟ್ಟಿದೆ. 505.01 ಎಂದು ಸ್ಪಷ್ಟವಾಗಿ ಬರೆದ 5ಡಬ್ಲ್ಯೂ-40 ಕೊಳ್ಳಿ. ಬರೀ 505.00 ಎಂದಿದ್ದರೆ ಸಾಲದು, ಅಂಗಡಿಯವರು ಎರಡೂ ಒಂದೇ ಎಂದರೆ ಒಪ್ಪಬೇಡಿ.

ಇಷ್ಟು ದಿನ ಲಾರಿ ಆಯಿಲ್ ಓಡಿದ್ದರೆ ವಾಲ್ವ್ ಕವರ್ ತೆಗೆಸಿ ಕ್ಯಾಮ್ ನೋಡಿಸಿ. ಲೋಬ್ ಅಂಚು ಚೂಪಾಗಿದ್ದರೆ, ಮೂತಿ ಚಪ್ಪಟೆಯಾಗಿದ್ದರೆ, ಟ್ಯಾಪೆಟ್ ತಲೆಯಲ್ಲಿ ಗುಳಿ ಬಿದ್ದಿದ್ದರೆ ಕ್ಯಾಮ್, ಟ್ಯಾಪೆಟ್, ಕ್ಯಾಮ್ ಬೇರಿಂಗ್ ಒಟ್ಟಿಗೇ ಬದಲಿಸಬೇಕು. ಹೊಸ ಕ್ಯಾಮ್ ಕೆಳಗೆ ಹಳೆಯ ಟ್ಯಾಪೆಟ್ ಇಟ್ಟರೆ ಹೊಸದೂ ಬೇಗನೆ ಹೋಗುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರುತ್ತಿದ್ದರೆ ಟ್ಯಾಂಡೆಮ್ ಪಂಪ್ ಮತ್ತು ಇಂಜೆಕ್ಟರ್ ಸೀಲ್ ಪರೀಕ್ಷಿಸಿ, ಆಯಿಲಿಗೆ ಡೀಸೆಲ್ ಇಳಿಯುವುದು ಅಲ್ಲಿಂದಲೇ.

ಪ್ರಶ್ನೆ: ಫಿಯಟ್ ಲೀನಿಯಾ ಟಿ-ಜೆಟ್. ರೀಬಿಲ್ಡ್ ಮಾಡಿದ ಟರ್ಬೊ, ಬ್ರೇಡೆಡ್ ಪೈಪ್‌ಗಳನ್ನು ಹಾಕಿಸಿದ ಮೇಲೆ ಶಾಸ್ತ್ರಿ ಸರ್ಕಲಿನಲ್ಲಿ ಎರಡು ನಿಮಿಷ ನಿಂತು ಹೊರಟರೆ ನೀಲಿ ಹೊಗೆ. 5ಡಬ್ಲ್ಯೂ-40ಯಿಂದ 20ಡಬ್ಲ್ಯೂ-50ಗೆ ಬದಲಿಸಿದರೂ ಕಡಿಮೆಯಾಗಿಲ್ಲ.
(ಕುಂದಾಪುರ)

ಉತ್ತರ: ಕಡಿಮೆಯಾಗುವುದೂ ಇಲ್ಲ, ದಪ್ಪ ಆಯಿಲಿನಿಂದ ಹೆಚ್ಚಾಗಲೂಬಹುದು. ಟರ್ಬೊದಿಂದ ಆಯಿಲ್ ಕೆಳಗಿಳಿಯುವುದು ಪಂಪಿನ ಬಲದಿಂದಲ್ಲ, ತನ್ನ ಭಾರದಿಂದ. ಇಳಿಯುವ ದಾರಿ ಸ್ವಲ್ಪ ಕಟ್ಟಿದರೂ ಆಯಿಲ್ ಮೇಲೇ ನಿಂತು ಶಾಫ್ಟಿನ ಸೀಲ್ ದಾಟಿ ಎಕ್ಸಾಸ್ಟಿಗೆ ಹೋಗುತ್ತದೆ. ಟರ್ಬೊ ಸೀಲ್ ರಬ್ಬರಿನದಲ್ಲ, ಪಿಸ್ಟನ್ ರಿಂಗಿನಂಥ ಲೋಹದ ಉಂಗುರ, ನಿಂತ ಆಯಿಲನ್ನು ಅದು ತಡೆಯಲಾರದು.

ಮೊದಲು ಡ್ರೈನ್ ಪೈಪ್ ನೋಡಿ. ಒಳವ್ಯಾಸ 12 ಮಿಲಿಮೀಟರಿಗಿಂತ ಕಡಿಮೆ ಇರಬಾರದು, ಸಾಧ್ಯವಾದಷ್ಟು ನೇರ ಕೆಳಗಿಳಿಯಬೇಕು, ಎಲ್ಲಿಯೂ ಮೇಲೆ ಬಾಗಿ ಇಳಿಯಬಾರದು, ಚೇಂಬರಿನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಫ್ಲ್ಯಾಂಜ್ ಬಿಚ್ಚಿ ಪ್ಯಾಕಿಂಗ್ ನೋಡಿ. ಪ್ಯಾಕಿಂಗಿನ ಮೇಲೆ ಸಿಲಿಕಾನ್ ಹಚ್ಚಿ ಬಿಗಿ ಮಾಡಿದಾಗ ಅದು ಒಳಕ್ಕೆ ಉಬ್ಬಿ ತೂತಿನ ಅರ್ಧ ಮುಚ್ಚಿರುತ್ತದೆ. ರೀಬಿಲ್ಡ್ ಆದ ಟರ್ಬೊಗಳು ಹೊಗೆಯಾಡಲು ಇದು ಬಹಳ ಸಾಮಾನ್ಯ ಕಾರಣ. ಆಮೇಲೆ ಬ್ರೀದರ್: ಎಂಜಿನ್ ಓಡುವಾಗ ಆಯಿಲ್ ಕ್ಯಾಪ್ ತೆಗೆದರೆ ಗಾಳಿ ರಭಸದಿಂದ ಹೊರನುಗ್ಗುತ್ತದೆಯೇ? ಹಾಗಿದ್ದರೆ ಆ ಗಾಳಿಯನ್ನು ಹೊರಬಿಡುವ ಪಿಸಿವಿ ವಾಲ್ವ್ ಕೆಟ್ಟಿದೆ, ಇಲ್ಲವೇ ಪಿಸ್ಟನ್ ರಿಂಗ್ ಸವೆದಿದೆ. ಕಂಪ್ರೆಷನ್ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ರೀಬಿಲ್ಡ್ ಮಾಡುವಾಗ ಬಾಲ್ ಬೇರಿಂಗ್ ಕೋರ್ ಹಾಕಿದ್ದರೆ ಒಳಬರುವ ಪೈಪಿಗೆ 1 ಮಿಲಿಮೀಟರಿನಷ್ಟು ತೂತಿನ ರಿಸ್ಟ್ರಿಕ್ಟರ್ ಬೇಕು. ಸಾದಾ ಬೇರಿಂಗಿಗೆ ಅದು ಬೇಡ, ಹಾಕಿದರೆ ಟರ್ಬೊ ಒಣಗುತ್ತದೆ. ಕೊನೆಗೆ ಗಾಳಿ ಬರುವ ಹೋಸ್ ಕಳಚಿ ಶಾಫ್ಟನ್ನು ಬೆರಳಿನಿಂದ ಅಲ್ಲಾಡಿಸಿ. ಅಕ್ಕಪಕ್ಕ ತುಸು ಆಟ ಸಹಜ, ಹಿಂದೆಮುಂದೆ ಕೈಗೆ ಗೊತ್ತಾಗುವಷ್ಟು ಆಟವಿದ್ದರೆ, ರೆಕ್ಕೆ ಗೋಡೆಗೆ ತಾಗಿದ ಗುರುತಿದ್ದರೆ, ಟರ್ಬೊ ಮತ್ತೆ ಬಿಚ್ಚಲೇಬೇಕು.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಮಾತ್ರ, ಅಥವಾ ಘಾಟಿಯಲ್ಲಿ ಗೇರಿನ ಹಿಡಿತದಲ್ಲಿ ಇಳಿದು ಮತ್ತೆ ಆಕ್ಸಿಲರೇಟರ್ ಕೊಟ್ಟಾಗ ಮಾತ್ರ ಹೊಗೆ ಬರುವುದಾದರೆ ತಪ್ಪು ಟರ್ಬೊದ್ದಲ್ಲ, ವಾಲ್ವ್ ಸೀಲಿನದು. ಎಲ್ಲ ಸರಿಯಾದ ಮೇಲೆ 5ಡಬ್ಲ್ಯೂ-40ಗೇ ವಾಪಸ್ ಬನ್ನಿ.

ಪ್ರಶ್ನೆ: ಬೇರೆಬೇರೆ ಕಂಪನಿಯ ಆಯಿಲ್ ಬೆರೆಸಬಹುದೇ? ಹಳೆಯ ಎಂಜಿನ್ನಿಗೆ ಫ್ಲಶ್, ಅಡಿಟಿವ್ ಹಾಕುವುದು ಒಳ್ಳೆಯದೇ?
(ಕಾರ್ಕಳ)

ಉತ್ತರ: ಆಯಿಲ್ ಕಡಿಮೆಯಾಗಿ ರಸ್ತೆಯಲ್ಲಿ ಸಿಕ್ಕಿಬಿದ್ದರೆ ಅದೇ ದರ್ಜೆಯ ಯಾವುದನ್ನಾದರೂ ಅರ್ಧ ಲೀಟರ್ ಸೇರಿಸಿ, ಏನೂ ಆಗದು. ಕಡಿಮೆ ಆಯಿಲ್‌ನಲ್ಲಿ ಓಡಿಸುವುದೇ ಹೆಚ್ಚು ಹಾನಿ. ಬೇಕೆಂದೇ ಬೆರೆಸಿ ತುಂಬುವುದು ಬೇಡ. ಅಡಿಟಿವ್ ಬೇಡವೇ ಬೇಡ. ಆಯಿಲ್‌ನೊಳಗಿನ ಸತು, ರಂಜಕ, ಡಿಟರ್ಜೆಂಟ್‌ಗಳನ್ನು ಲೆಕ್ಕ ಹಾಕಿಯೇ ಕೂಡಿಸಿರುತ್ತಾರೆ, ಮೇಲಿಂದ ಸುರಿದದ್ದು ಆ ಲೆಕ್ಕ ಕೆಡಿಸುತ್ತದೆ.

ಸ್ಲಡ್ಜ್ ಕಟ್ಟಿದ ಎಂಜಿನ್ನಿಗೆ ಫ್ಲಶ್ ಹಾಕಿದರೆ ಹಕ್ಕಳೆ ಹಕ್ಕಳೆಯಾಗಿ ಕಿತ್ತು ಬಂದದ್ದು ಸ್ಟ್ರೇನರಿಗೆ ಅಂಟಿ ಆಯಿಲ್ ದಾರಿಯನ್ನೇ ಮುಚ್ಚಬಹುದು. ಚೇಂಬರ್ ಇಳಿಸಿ ಕೈಯಲ್ಲಿ ತೊಳೆಯಿರಿ, ಆಮೇಲೆ ಒಳ್ಳೆಯ ಎ3/ಬಿ4 ಆಯಿಲನ್ನು 2000 ಕಿಲೋಮೀಟರಿಗೊಮ್ಮೆ ಎರಡು ಮೂರು ಸಲ ಬದಲಿಸಿ, ನಿಧಾನವಾಗಿ ಕರಗಲಿ. ಆಯಿಲ್ ಹೇಗಿದೆ ಎಂದು ತಿಳಿಯಲು ಬಿಸಿ ಡಿಪ್‌ಸ್ಟಿಕ್‌ನಿಂದ ಒಂದು ಹನಿ ಸೋಸುಕಾಗದದ ಮೇಲೆ ಬಿಟ್ಟು ಒಂದೆರಡು ಗಂಟೆ ಇಡಿ. ಕಪ್ಪು ಹರಡಿಕೊಂಡು ಅಂಚಿಗೆ ಬರುತ್ತಾ ತಿಳಿಯಾದರೆ ಆಯಿಲ್‌ಗೆ ಕೊಳೆ ಹೊರುವ ಶಕ್ತಿ ಇನ್ನೂ ಇದೆ. ನಡುವೆ ಗಟ್ಟಿ ಕಪ್ಪು ಚುಕ್ಕೆ, ಸುತ್ತ ಬರೀ ಎಣ್ಣೆ ಕಲೆ ಆದರೆ ಕೂಡಲೇ ಬದಲಿಸಿ. ಬಣ್ಣ ಕಪ್ಪಾದದ್ದು ಮಾತ್ರಕ್ಕೆ ಕೆಟ್ಟಿತೆಂದು ತಿಳಿಯಬೇಡಿ.

ಪ್ರಶ್ನೆ: ನಾನು ಗಲ್ಫಿನಲ್ಲಿ ಕೆಲಸದಲ್ಲಿದ್ದೇನೆ. ಮಾರ್ಪಡಿಸಿದ ಟರ್ಬೊ ಕಾರು ವರ್ಷದಲ್ಲಿ ಹತ್ತು ಹನ್ನೊಂದು ತಿಂಗಳು ಊರಿನ ಶೆಡ್ಡಿನಲ್ಲೇ ಇರುತ್ತದೆ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಲು ತಮ್ಮನಿಗೆ ಹೇಳಿದ್ದೇನೆ. ಊರಿಗೆ ಬಂದ ಮೇಲೆ ಆಯಿಲ್ ಬದಲಿಸುತ್ತೇನೆ. ಸರಿಯೇ?
(ಸುರತ್ಕಲ್)

ಉತ್ತರ: ಎರಡನ್ನೂ ಬದಲಿಸಿ. ಐದು ನಿಮಿಷದ ಸ್ಟಾರ್ಟಿನಿಂದ ಆಯಿಲಿಗೂ ಸೈಲೆನ್ಸರಿಗೂ ನೀರು ಸೇರುತ್ತದೆ, ಒಣಗುವಷ್ಟು ಬಿಸಿ ಆಗುವುದಿಲ್ಲ. ತಮ್ಮ ಓಡಿಸಬಲ್ಲವರಾದರೆ ತಿಂಗಳಿಗೆರಡು ಸಲ ಮುಲ್ಕಿಯವರೆಗೆ ಹೋಗಿ ಬರಲಿ. ಮೊದಲ ಹತ್ತು ನಿಮಿಷ ಬೂಸ್ಟ್ ಬೇಡ, ಕೊನೆಯ ಒಂದೆರಡು ಕಿಲೋಮೀಟರ್ ನಿಧಾನ, ಆಫ್ ಮಾಡುವ ಮುನ್ನ ಒಂದು ನಿಮಿಷ ಐಡ್ಲಿಂಗ್. ಓಡಿಸುವವರು ಇಲ್ಲದಿದ್ದರೆ ಮುಟ್ಟದೆ ಬಿಡುವುದೇ ಮೇಲು.

ಆಯಿಲ್ ಬದಲಿಸಬೇಕಾದ್ದು ಹೊರಡುವ ಮೊದಲು. ಓಡಿದ ಆಯಿಲಿನಲ್ಲಿ ಆಮ್ಲ, ನೀರು, ಪೆಟ್ರೋಲ್ ಇರುತ್ತವೆ. ಅವು ತಿಂಗಳುಗಟ್ಟಲೆ ಬೇರಿಂಗಿಗೆ ಅಂಟಿ ಕೂತರೆ, ಅದೂ ನಮ್ಮ ಉಪ್ಪುಗಾಳಿಯ, ಒದ್ದೆ ಹವೆಯಲ್ಲಿ, ಲೋಹ ತಿನ್ನುತ್ತವೆ. ಹೊಸ ಆಯಿಲ್ ಹಾಕಿ ಅರ್ಧ ಗಂಟೆ ಓಡಿಸಿ ನಿಲ್ಲಿಸಿ. ಪೆಟ್ರೋಲ್ ಟ್ಯಾಂಕ್ ತುಂಬಿಸಿಡಿ, ಖಾಲಿ ಜಾಗ ಇದ್ದಷ್ಟೂ ಎಥನಾಲ್ ಹೆಚ್ಚು ತೇವ ಹೀರುತ್ತದೆ. ಬ್ಯಾಟರಿಯ ನೆಗೆಟಿವ್ ಕಳಚಿಡಿ.

ವಾಪಸ್ ಬಂದಾಗ ಟರ್ಬೊ ಪೂರ್ತಿ ಒಣಗಿರುತ್ತದೆ. ಬ್ಯಾಟರಿ ಚಾರ್ಜ್ ಮಾಡಿ, ಡಿಪ್‌ಸ್ಟಿಕ್ ನೋಡಿ, ಫ್ಯುಯಲ್ ಪಂಪಿನ ಫ್ಯೂಸ್ ತೆಗೆದಿಟ್ಟು ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಹತ್ತು ಸೆಕೆಂಡ್, ನಡುವೆ ಅರ್ಧ ನಿಮಿಷ ಬಿಡುವು, ಕೆಂಪು ಆಯಿಲ್ ದೀಪ ಆರುವವರೆಗೆ. ದೀಪ ಆರಿದ ಮೇಲೆ ಇನ್ನೊಂದು ಸಲ ಹೊಡೆದು, ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿ, ಎರಡು ನಿಮಿಷ ಆಕ್ಸಿಲರೇಟರ್ ಮುಟ್ಟಬೇಡಿ. ಆ ಆಯಿಲನ್ನು ರಜೆ ಮುಗಿಯುವವರೆಗೆ ಓಡಿಸಿ, ಹೊರಡುವ ಹಿಂದಿನ ವಾರ ಮತ್ತೆ ಹೊಸದು ಹಾಕಿಸಿ.